ಪ್ರಾಕ್ಸ್‌ಮಾಕ್ಸ್ ಎಸ್‌ಡಿಎನ್‌ನ ರೂಟಿಂಗ್ ಪಟ್ಟಿ ತೋರಿಸುವ, ಏನನ್ನೂ ಮುಟ್ಟದ ಟೂಲ್: ಹಂತ ಹಂತವಾಗಿ

ಒಂದು ಮಳೆಗಾಲದ ರಾತ್ರಿ ಶಿರಸಿಯ ಮನೆಯಲ್ಲಿ ಕೂತು ಕಾರವಾರದ ಆಫೀಸಿನ ಸರ್ವರ್ ತೆರೆದಿದ್ದೆ. ಒಂದು ಸಬ್‌ನೆಟ್‌ನ ಗೇಟ್‌ವೇ ಅಡ್ರೆಸ್ ಬೇಕಿತ್ತು, ಅಷ್ಟೇ. ಆ ಸರ್ವರ್‌ನಲ್ಲಿ ಇರುವುದು ಪ್ರಾಕ್ಸ್‌ಮಾಕ್ಸ್, ಒಂದೇ ಯಂತ್ರದ ಮೇಲೆ ಹಲವು ವರ್ಚುವಲ್ ಮಷಿನ್ (ವಿಎಂ) ಓಡಿಸುವ ಸಾಫ್ಟ್‌ವೇರ್. ಅವುಗಳ ನೆಟ್‌ವರ್ಕನ್ನು ಸಾಫ್ಟ್‌ವೇರಿನಲ್ಲೇ ಕಟ್ಟುವ ಅದರ ಭಾಗ ಎಸ್‌ಡಿಎನ್. ಎಸ್‌ಡಿಎನ್ ಪುಟದಲ್ಲಿ ಒಂದು ಸಾಲಿನ ಎದುರು 'ಚೇಂಜ್ಡ್' ಅಂತ ಕಾಣಿಸಿತು. ಏನೋ ರಿಫ್ರೆಶ್ ಆಗಿಲ್ಲ ಅಂದುಕೊಂಡು ಅಪ್ಲೈ ಬಟನ್ ಒತ್ತಿದೆ, ಅದು ಕೇಳಿದ್ದಕ್ಕೆಲ್ಲ ಹೌದು ಅಂದೆ. ಅರ್ಧ ನಿಮಿಷದಲ್ಲಿ ನನ್ನ ವಿಪಿಎನ್ ಕಟ್ ಆಯಿತು. ಆಗಿದ್ದು ಇಷ್ಟು: ನನ್ನ ಜೊತೆ ಕೆಲಸ ಮಾಡುವ ಹುಡುಗ ಸಂಜೆ ಎಕ್ಸಿಟ್ ನೋಡನ್ನು (ಒಳಗಿನ ನೆಟ್‌ವರ್ಕ್ ಹೊರಗೆ ಹೋಗುವ ಮಷಿನ್) ಒಂದನೇ ಮಷಿನ್‌ನಿಂದ ಮೂರನೇದಕ್ಕೆ ಬದಲಿಸಿ, ಮೂರನೇದಕ್ಕೆ ಇನ್ನೂ ಕೇಬಲ್ ಹಾಕಬೇಕಿದ್ದರಿಂದ ಅಪ್ಲೈ ಮಾಡದೇ ಹಾಗೇ ಬಿಟ್ಟು ಮನೆಗೆ ಹೋಗಿದ್ದ. ಅವನ ಅರ್ಧ ಕೆಲಸವನ್ನು ನಾನು ಪೂರ್ತಿ ಮಾಡಿಬಿಟ್ಟೆ. ವಿಪಿಎನ್ ಸರ್ವರ್ ಕೂಡ ಅದೇ ನೆಟ್‌ವರ್ಕ್ ಒಳಗಿನ ಒಂದು ವಿಎಂ, ಹಾಗಾಗಿ ನನ್ನ ಬಾಗಿಲನ್ನೂ ನಾನೇ ಹಾಕಿಕೊಂಡ ಹಾಗಾಯಿತು. ಬೆಳಿಗ್ಗೆ ಆರಕ್ಕೆ ಕಾರವಾರದಿಂದ ಫೋನು: 'ಎಂತ ಸರ್, ನೆಟ್ ಇಲ್ಲ ಅಲ್ವಾ?' ನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ, ಘಟ್ಟದಲ್ಲಿ ಮಂಜು, ಮಳೆ. ಕಾರು ಓಡಿಸುತ್ತಾ ಬೈದುಕೊಂಡಿದ್ದು ನನ್ನನ್ನೇ.

ಬರೀ ನೋಡಲಿಕ್ಕೆ ಹೋದವನ ಕೈಗೆ ಬದಲಿಸುವ ಬಟನ್ ಯಾಕೆ ಸಿಗಬೇಕು? ಆ ವಾರವೇ ಒಂದು ಚಿಕ್ಕ ಟೂಲ್ ಬರೆದೆ. ಎಸ್‌ಡಿಎನ್‌ನಲ್ಲಿ ಯಾವ ದಾರಿ ಎಲ್ಲಿಗೆ ಅಂತ ಪಟ್ಟಿ ಮಾಡುತ್ತದೆ, ಬೇರೇನೂ ಮಾಡುವುದಿಲ್ಲ. ಮಾಡಲಿಕ್ಕೆ ಅದಕ್ಕೆ ಅಧಿಕಾರವೇ ಇಲ್ಲ. ಅದನ್ನು ಕಟ್ಟುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಒಂದು ಮಾತು ಮೊದಲೇ. ಕಮಾಂಡ್‌ಗಳನ್ನೆಲ್ಲ ಬಾಯಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಹೆಚ್ಚಿನವು ಸಣ್ಣಕ್ಷರ, ಪರ್ಮಿಷನ್ ಮತ್ತು ಟೋಕನ್ ಹೆಸರುಗಳಲ್ಲಿ ಅಲ್ಲಲ್ಲಿ ದೊಡ್ಡಕ್ಷರ ಬರುತ್ತದೆ, ಅದನ್ನು ಪ್ರಾಕ್ಸ್‌ಮಾಕ್ಸ್‌ನ ಸ್ವಂತ ಸಹಾಯ ಪುಟದಲ್ಲಿ ನೋಡಿ ಸರಿ ಮಾಡಿಕೊಳ್ಳಿ.

ನಮ್ಮಲ್ಲಿ ಏನೇನಿದೆ

ಕಾರವಾರದ ಒಂದು ಕೋಣೆಯಲ್ಲಿ ಮೂರು ಮಷಿನ್: ಕೆಡಬ್ಲ್ಯೂ1, ಕೆಡಬ್ಲ್ಯೂ2, ಕೆಡಬ್ಲ್ಯೂ3. ಮೂರೂ ಸೇರಿ ಒಂದು ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್. ಒಂದನ್ನು ಶಿರಸಿಯಲ್ಲಿ ಇಟ್ಟರೆ ಆಗುವುದಿಲ್ವಾ ಅಂತ ಮಾಲೀಕರು ಕೇಳಿದ್ದರು. ಆಗುವುದಿಲ್ಲ. ಕ್ಲಸ್ಟರನ್ನು ಹಿಡಿದಿಟ್ಟುಕೊಳ್ಳುವ ಕೋರೋಸಿಂಕ್‌ಗೆ ಕೆಲವೇ ಮಿಲಿಸೆಕೆಂಡಿನ ಒಳಗೆ ಉತ್ತರ ಬರಬೇಕು, ಘಟ್ಟದ ಮೇಲಿನ ಲೈನು ಅದಕ್ಕೆ ಸಾಲದು.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಎಸ್‌ಡಿಎನ್ 2023ರ 8.1 ಆವೃತ್ತಿಯಿಂದ ಪೂರ್ಣ ಬೆಂಬಲದೊಂದಿಗೆ ಬರುತ್ತಿದೆ, ಅದಕ್ಕೆ ಮೊದಲು ಪ್ರಯೋಗದ ಹಂತದಲ್ಲಿತ್ತು. ಅದರಲ್ಲಿ ಝೋನ್ ದೊಡ್ಡದು, ಝೋನ್ ಒಳಗೆ ವಿನೆಟ್ (ಒಂದೊಂದು ವರ್ಚುವಲ್ ನೆಟ್‌ವರ್ಕ್), ವಿನೆಟ್ ಒಳಗೆ ಸಬ್‌ನೆಟ್ (ಅಡ್ರೆಸ್‌ಗಳ ಗುಂಪು). ನಮ್ಮದು ಇವಿಪಿಎನ್ ಜಾತಿಯ ಝೋನ್, ಅಂದರೆ ಮೂರೂ ಮಷಿನ್‌ಗಳ ಮೇಲೆ ಹರಡಿದ ಒಂದೇ ನೆಟ್‌ವರ್ಕ್. ಹೆಸರಿಗೆ ಎಂಟೇ ಅಕ್ಷರ ಮಿತಿ. ನಮ್ಮ ಜಿಲ್ಲೆಯ ನದಿಗಳ ಹೆಸರಿಡೋಣ ಅಂತ ಹೊರಟರೆ ಇಂಗ್ಲಿಷಿನಲ್ಲಿ ಅಘನಾಶಿನಿ ಹನ್ನೊಂದು ಅಕ್ಷರ, ಗಂಗಾವಳಿ ಒಂಬತ್ತು, ಶರಾವತಿಯೂ ಒಂಬತ್ತು. ಕಾಳಿ ಮಾತ್ರ ಹಿಡಿಸಿತು. ಕಾಳಿ ಝೋನ್ ಒಳಗೆ ಮೂರು ವಿನೆಟ್: ಲೆಕ್ಕಪತ್ರಕ್ಕೆ 'ಅಡಿಕೆ' (10.20.1.0/24), ಕ್ಯಾಮೆರಾಗಳಿಗೆ 'ಮೆಣಸು' (10.20.2.0/24), ಪ್ರಯೋಗ ಮಾಡಿ ಹಾಳು ಮಾಡಲಿಕ್ಕೆ 'ಏಲಕ್ಕಿ' (10.20.3.0/24). ಮೂರು ಮಷಿನ್‌ಗಳ ನಡುವೆ ಯಾವ ಅಡ್ರೆಸ್ ಎಲ್ಲಿದೆ ಅಂತ ಹೇಳಿಕೊಳ್ಳುವ ಕೆಲಸ ಎಫ್‌ಆರ್‌ಆರ್ ಎಂಬ ರೂಟಿಂಗ್ ಸಾಫ್ಟ್‌ವೇರಿನದು, ಮಾತಾಡುವ ಭಾಷೆ ಬಿಜಿಪಿ.

ಒಂದೇ ದಾರಿ ಮೂರು ಕಡೆ ಬರೆದಿರುತ್ತದೆ

ಈ ಭಾಗ ಅರ್ಥವಾಗದೇ ಟೂಲ್ ಬರೆದರೆ ಅದು ಸುಳ್ಳು ಹೇಳುತ್ತದೆ, ಹಾಗಾಗಿ ನಿಧಾನ ಓದಿ.

ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ಕುಮಟಾ ಅನ್ನುತ್ತದೆ. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದಿದ್ದರೆ ಅದೇ ಬಸ್ಸು ಸಿದ್ದಾಪುರಕ್ಕೆ ಹೋಗಿ ದೊಡ್ಮನೆ ಘಟ್ಟ ಇಳಿಯುತ್ತದೆ. ಬೋರ್ಡನ್ನು ಯಾರೂ ಬದಲಿಸುವುದಿಲ್ಲ. ಎಸ್‌ಡಿಎನ್ ಕೂಡ ಹೀಗೇ.

ಮೊದಲನೇದು, ಬರೆದದ್ದು. ವೆಬ್ ಪುಟದಲ್ಲಿ ನೀವು ತುಂಬಿದ್ದೆಲ್ಲ /ಇಟಿಸಿ/ಪಿವಿಇ/ಎಸ್‌ಡಿಎನ್ ಫೋಲ್ಡರ್‌ನಲ್ಲಿ ಝೋನ್ಸ್, ವಿನೆಟ್ಸ್, ಸಬ್‌ನೆಟ್ಸ್, ಕಂಟ್ರೋಲರ್ಸ್ ಎಂಬ ಬೇರೆ ಬೇರೆ ಕಾನ್ಫಿಗ್ ಫೈಲುಗಳಲ್ಲಿ ಕೂರುತ್ತದೆ. ಇದು ಆಸೆ ಮಾತ್ರ. ಅಪ್ಲೈ ಒತ್ತುವವರೆಗೆ ಇದರಿಂದ ಒಂದು ಪ್ಯಾಕೆಟ್ಟೂ ಅಲುಗುವುದಿಲ್ಲ.

ಎರಡನೇದು, ಅಪ್ಲೈ ಆದದ್ದು. ಬಟನ್ ಒತ್ತಿದಾಗ ಆ ಕ್ಷಣದ ಪ್ರತಿಯೊಂದು ಅದೇ ಫೋಲ್ಡರ್‌ನಲ್ಲಿ 'ರನ್ನಿಂಗ್-ಕಾನ್ಫಿಗ್' ಎಂಬ ಅಡಗಿದ ಫೈಲಿಗೆ ಹೋಗುತ್ತದೆ. ಅದನ್ನು ನೋಡಿ ಪ್ರತಿ ಮಷಿನ್ ತನ್ನ ತನ್ನ ಇಂಟರ್‌ಫೇಸ್ ಫೈಲು ಮತ್ತು ಎಫ್‌ಆರ್‌ಆರ್ ಫೈಲು ಬರೆದುಕೊಳ್ಳುತ್ತದೆ.

ಮೂರನೇದು, ನಿಜವಾಗಿ ನಡೆಯುತ್ತಿರುವುದು. ಅಂದರೆ ಈ ಗಳಿಗೆಯಲ್ಲಿ ಆ ಮಷಿನ್‌ನ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗಿನ ರೂಟಿಂಗ್ ಟೇಬಲ್. ಪಕ್ಕದ ಮಷಿನ್ ಮಲಗಿದ್ದರೆ, ಬಿಜಿಪಿ ಮಾತು ನಿಂತಿದ್ದರೆ, ಫೈಲಿನಲ್ಲಿ ಇದ್ದದ್ದು ಇಲ್ಲಿ ಇರುವುದಿಲ್ಲ.

ವೆಬ್ ಪುಟ ನಿಮಗೆ ಮೊದಲ ಎರಡನ್ನು ಒಂದರ ಮೇಲೊಂದು ಇಟ್ಟು ತೋರಿಸುತ್ತದೆ, ಮೂರನೇದನ್ನು 2025ರ 9.1ಕ್ಕಿಂತ ಹಳೇ ಆವೃತ್ತಿಗಳಲ್ಲಿ ಹೆಚ್ಚು ಕಮ್ಮಿ ಬಿಟ್ಟೇಬಿಡುತ್ತಿತ್ತು. ನಮ್ಮ ಟೂಲ್ ಮೂರನ್ನೂ ಅಕ್ಕಪಕ್ಕ ಇಡಬೇಕು. ಇಡದಿದ್ದರೆ ಅದನ್ನು ಬರೆಯುವ ಶ್ರಮವೇ ದಂಡ.

ಹಂತ 1: ನೋಡುವ ಅಧಿಕಾರ ಮಾತ್ರ ಇರುವ ಟೋಕನ್

'ನನ್ನ ಸ್ಕ್ರಿಪ್ಟ್ ಏನನ್ನೂ ಬದಲಿಸುವುದಿಲ್ಲ' ಅನ್ನುವುದು ನಂಬಿಕೆಯ ಮಾತು. ರೂಟ್ ಪಾಸ್‌ವರ್ಡ್ ಹಿಡಿದುಕೊಂಡು ಕೂತ ಸ್ಕ್ರಿಪ್ಟ್‌ನಲ್ಲಿ ನಾಳೆ ಯಾರೋ ಒಂದು ಸಾಲು ಸೇರಿಸಿದರೆ ಮುಗಿಯಿತು. ಹಾಗಾಗಿ ಬೀಗವನ್ನು ಸರ್ವರ್ ಕಡೆಯೇ ಹಾಕಿ.

ಸುಲಭದ ದಾರಿ ಅಂದರೆ ಮೊದಲೇ ಇರುವ ಪಿವಿಇ-ಆಡಿಟರ್ ಎಂಬ ರೋಲ್ ಕೊಡುವುದು. ನಾನು ಕೊಡಲಿಲ್ಲ. ಅದು ವಿಎಂ, ಸ್ಟೋರೇಜ್ ಎಲ್ಲವನ್ನೂ ನೋಡಲಿಕ್ಕೆ ಬಿಡುತ್ತದೆ. ನಮಗೆ ಬೇಕಾದದ್ದು ಒಂದೇ ಪರ್ಮಿಷನ್, ಎಸ್‌ಡಿಎನ್.ಆಡಿಟ್. ಅದಕ್ಕೊಂದು ಸ್ವಂತ ರೋಲ್, ಒಬ್ಬ ಯೂಸರ್, ಒಂದು ಟೋಕನ್ (ಪಾಸ್‌ವರ್ಡ್ ಬದಲು ಟೂಲ್ ತೋರಿಸುವ ಕೀಲಿ):

ಪಿವಿಇಯುಎಂ ರೋಲ್ ಆಡ್ ನೋಡುರೋಲ್ --ಪ್ರಿವ್ಸ್ ಎಸ್‌ಡಿಎನ್.ಆಡಿಟ್
ಪಿವಿಇಯುಎಂ ಯೂಸರ್ ಆಡ್ ನೋಡು@ಪಿವಿಇ
ಪಿವಿಇಯುಎಂ ಯೂಸರ್ ಟೋಕನ್ ಆಡ್ ನೋಡು@ಪಿವಿಇ ಪಟ್ಟಿ --ಪ್ರಿವ್‌ಸೆಪ್ 1

ಮೂರನೇ ಕಮಾಂಡ್ ಹೊಡೆದ ಕೂಡಲೇ ಟೋಕನ್‌ನ ಗುಟ್ಟು ಒಂದು ಸಲ, ಒಂದೇ ಸಲ ಕಾಣಿಸುತ್ತದೆ. ಆಗಲೇ ಎತ್ತಿಟ್ಟುಕೊಳ್ಳಿ. ಕಳೆದುಹೋದರೆ ಅಳಿಸಿ ಹೊಸದು ಮಾಡುವುದೇ ಗತಿ.

ಈಗ ಅಧಿಕಾರ ಕೊಡಬೇಕು. ಪ್ರಿವ್‌ಸೆಪ್ 1 ಅಂದರೆ ಯೂಸರಿಗೂ ಟೋಕನ್‌ಗೂ ಬೇರೆ ಬೇರೆ ಅಧಿಕಾರ, ಎರಡರಲ್ಲೂ ಇದ್ದದ್ದು ಮಾತ್ರ ನಡೆಯುತ್ತದೆ. ಹಾಗಾಗಿ ಇಬ್ಬರಿಗೂ ಕೊಡಿ:

ಪಿವಿಇಯುಎಂ ಎಸಿಎಲ್ ಮಾಡಿಫೈ /ಎಸ್‌ಡಿಎನ್/ಝೋನ್ಸ್ --ಯೂಸರ್ಸ್ ನೋಡು@ಪಿವಿಇ --ರೋಲ್ಸ್ ನೋಡುರೋಲ್
ಪಿವಿಇಯುಎಂ ಎಸಿಎಲ್ ಮಾಡಿಫೈ /ಎಸ್‌ಡಿಎನ್/ಝೋನ್ಸ್ --ಟೋಕನ್ಸ್ 'ನೋಡು@ಪಿವಿಇ!ಪಟ್ಟಿ' --ರೋಲ್ಸ್ ನೋಡುರೋಲ್

ಇದೇ ಎರಡು ಸಾಲನ್ನು /ಎಸ್‌ಡಿಎನ್/ಕಂಟ್ರೋಲರ್ಸ್‌ಗೂ ಹೊಡೆಯಿರಿ. ಟೋಕನ್ ಹೆಸರಿಗೆ ಒಂಟಿ ಕೋಟ್ ಹಾಕಿದ್ದು ಗಮನಿಸಿ. ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ ಇದೆ, ಕೋಟ್ ಇಲ್ಲದಿದ್ದರೆ ಬ್ಯಾಷ್ ಅದನ್ನು ಹಳೇ ಕಮಾಂಡ್ ಹುಡುಕುವ ಸೂಚನೆ ಅಂದುಕೊಂಡು ಏನೇನೋ ಮಾಡುತ್ತದೆ.

/ಎಸ್‌ಡಿಎನ್ ಅಂತ ಒಟ್ಟಿಗೆ ಕೊಟ್ಟರೆ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತಲ್ಲ ಅಂತೀರಾ? ಮುಗಿಯುತ್ತಿತ್ತು. ಆದರೆ ಅದರ ಕೆಳಗೆ ಐಪ್ಯಾಮ್ (ಅಡ್ರೆಸ್ ಹಂಚಿಕೆಯ ಲೆಕ್ಕ) ಮತ್ತು ಡಿಎನ್‌ಎಸ್ ಕೂಡ ಬರುತ್ತವೆ. ನೆಟ್‌ಬಾಕ್ಸ್, ಪವರ್‌ಡಿಎನ್‌ಎಸ್ ಇತ್ಯಾದಿ ಜೋಡಿಸಿದವರಿಗೆ ಅಲ್ಲಿ ಹೊರಗಿನ ಸೇವೆಯ ಕೀಲಿಗಳು ಇರುತ್ತವೆ. ದಾರಿಯ ಪಟ್ಟಿಗೆ ಅವು ಬೇಡ.

ಹಂತ 2: ಬೀಗ ಬಿದ್ದಿದೆಯಾ ಅಂತ ಎಳೆದು ನೋಡುವುದು

ಇಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ, ನಾನೂ ಮಾಡಿದೆ. ಸರ್ವರ್ ಒಳಗೆ ಪಿವಿಇಶ್ ಎಂಬ ಕಮಾಂಡ್ ಇದೆ. ಪಿವಿಇಶ್ ಗೆಟ್ /ಕ್ಲಸ್ಟರ್/ಎಸ್‌ಡಿಎನ್/ಝೋನ್ಸ್ ಅಂತ ಹೊಡೆದರೆ ಚೆಂದದ ಟೇಬಲ್ ಬರುತ್ತದೆ. ಬಂತು ನೋಡು, ಅಧಿಕಾರ ಸರಿ ಇದೆ ಅಂದುಕೊಂಡೆ. ಆದರೆ ಪಿವಿಇಶ್ ಓಡುವುದು ರೂಟ್ ಆಗಿ. ಅದಕ್ಕೆ ನಿಮ್ಮ ಟೋಕನ್ ಗೊತ್ತೇ ಇಲ್ಲ. ಪರೀಕ್ಷೆಯನ್ನು ಹೊರಗಿನ ಮಷಿನ್‌ನಿಂದ, ಕರ್ಲ್‌ನಲ್ಲಿ (ಟರ್ಮಿನಲ್‌ನಿಂದ ವೆಬ್ ಅಡ್ರೆಸ್ ಕೇಳುವ ಕಮಾಂಡ್), ಅದೇ ಟೋಕನ್ ಹಾಕಿಯೇ ಮಾಡಬೇಕು. ಅಡ್ರೆಸ್ ಕೆಡಬ್ಲ್ಯೂ1ರ 8006 ಪೋರ್ಟ್, ಹಾದಿ /ಎಪಿಐ2/ಜೇಸನ್/ಕ್ಲಸ್ಟರ್/ಎಸ್‌ಡಿಎನ್/ಝೋನ್ಸ್, ಹೆಡರ್ ಹೀಗೆ:

ಆಥರೈಸೇಷನ್: ಪಿವಿಇಎಪಿಐಟೋಕನ್=ನೋಡು@ಪಿವಿಇ!ಪಟ್ಟಿ=ಗುಟ್ಟು

ಸರ್ಟಿಫಿಕೇಟ್ ಸರಿ ಇಲ್ಲ ಅಂತ ಕರ್ಲ್ ತಕರಾರು ಮಾಡುತ್ತದೆ. ಸುಮ್ನೆ ಕೆ ಆಪ್ಷನ್ (ಸರ್ಟಿಫಿಕೇಟ್ ನೋಡಬೇಡ ಅನ್ನುವುದು) ಹಾಕಿ ಬಾಯಿ ಮುಚ್ಚಿಸಬೇಡಿ. ಸರ್ವರ್‌ನ /ಇಟಿಸಿ/ಪಿವಿಇ ಫೋಲ್ಡರ್‌ನಲ್ಲಿ ಪಿವಿಇ-ರೂಟ್-ಸಿಎ ಎಂಬ ಪೆಮ್ ಫೈಲ್ ಇದೆ. ಅದನ್ನು ತಂದು ಸಿಎ-ಸರ್ಟ್ ಆಪ್ಷನ್‌ಗೆ ಕೊಡಿ.

ಈಗ ಮುಖ್ಯ ವಿಷಯ. ಅಧಿಕಾರ ಸರಿಯಾಗಿ ಕೊಡದಿದ್ದರೆ 403 (ಅನುಮತಿ ಇಲ್ಲ) ಎರರ್ ಬರುತ್ತದೆ ಅಂತ ನೀವು ಕಾಯುತ್ತೀರಿ. ಬರುವುದಿಲ್ಲ. ಝೋನ್, ವಿನೆಟ್, ಕಂಟ್ರೋಲರ್ ಪಟ್ಟಿಗಳು ನಿಮಗೆ ನೋಡಲು ಅಧಿಕಾರ ಇರುವ ಸಾಲುಗಳನ್ನು ಮಾತ್ರ ಕೊಡುತ್ತವೆ. ಅಧಿಕಾರವೇ ಇಲ್ಲದಿದ್ದರೆ 200 ಓಕೆ, ಮತ್ತು ಖಾಲಿ ಪಟ್ಟಿ. ಟೋಕನ್‌ಗೆ ಕೊಟ್ಟು ಯೂಸರಿಗೆ ಕೊಡುವುದನ್ನು ಮರೆತು ನಾನು ಅರ್ಧ ದಿನ ಈ ಖಾಲಿ ಪಟ್ಟಿಯ ಎದುರು ಕೂತಿದ್ದೆ. ಹಾಗಾಗಿ ಟೂಲ್‌ನಲ್ಲಿ ಈ ನಿಯಮ ಇಡಿ: ಝೋನ್ ಸಂಖ್ಯೆ ಸೊನ್ನೆ ಬಂದರೆ ಅದನ್ನು 'ಝೋನ್ ಇಲ್ಲ' ಅಂತ ತೋರಿಸದೆ, 'ಒಂದೂ ಕಾಣಿಸಲಿಲ್ಲ, ಅಧಿಕಾರ ನೋಡಿ' ಅಂತ ಕೂಗಿ ನಿಲ್ಲಬೇಕು.

ಬದಲಿಸಲಿಕ್ಕೆ ಆಗುವುದಿಲ್ಲ ಅನ್ನುವುದನ್ನೂ ಪರೀಕ್ಷಿಸಿ. ಅದೇ ಟೋಕನ್‌ನಿಂದ ಏನೋ ಒಂದು ಹೆಸರಿನ ಸಿಂಪಲ್ ಝೋನ್ ಸೃಷ್ಟಿಸಲು ಪೋಸ್ಟ್ ಮಾಡಿ. 403 ಬರಬೇಕು, ಎಸ್‌ಡಿಎನ್.ಅಲೋಕೇಟ್ ಇಲ್ಲ ಅನ್ನಬೇಕು. ಪರೀಕ್ಷೆಗೆ ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಅಕಸ್ಮಾತ್ ಅಧಿಕಾರ ಜಾಸ್ತಿ ಕೊಟ್ಟಿದ್ದರೂ ಹೊಸ ಝೋನ್ ಬರೀ ಬರೆದದ್ದರ ಪಟ್ಟಿಗೆ ಸೇರುತ್ತದೆ, ಅಳಿಸಿದರಾಯಿತು. /ಕ್ಲಸ್ಟರ್/ಎಸ್‌ಡಿಎನ್‌ಗೆ ಪುಟ್ ಮಾಡಿ ಮಾತ್ರ ಪರೀಕ್ಷಿಸಬೇಡಿ. ಅಪ್ಲೈ ಬಟನ್ ಹಿಂದಿರುವುದು ಅದೇ. ಬೀಗ ಬಿದ್ದಿಲ್ಲದಿದ್ದರೆ ಮತ್ತೆ ಘಟ್ಟ ಇಳಿಯಬೇಕಾಗುತ್ತದೆ.

ಹಂತ 3: ಬರೆದದ್ದು ಮತ್ತು ಅಪ್ಲೈ ಆದದ್ದು, ಎರಡನ್ನೂ ತರುವುದು

ನಾನು ಪೈಥಾನ್‌ನಲ್ಲಿ ಬರೆದೆ, ಇನ್ನೂರು ಸಾಲೂ ಇಲ್ಲ. ಬ್ಯಾಷ್ ಮತ್ತು ಜೆಕ್ಯೂ ಸಾಕು ಅನ್ನುವವರು ಹಾಗೇ ಮಾಡಿ. ಒಂದು ಶಿಸ್ತು ಮಾತ್ರ ಇರಲಿ: ಸರ್ವರ್ ಜೊತೆ ಮಾತಾಡುವ ಫಂಕ್ಷನ್ ಒಂದೇ ಇರಬೇಕು, ಅದಕ್ಕೆ ಗೆಟ್ ಬಿಟ್ಟು ಬೇರೇನೂ ಬರಬಾರದು.

ತರಬೇಕಾದದ್ದು: ಝೋನ್ಸ್, ವಿನೆಟ್ಸ್, ಕಂಟ್ರೋಲರ್ಸ್, ಮತ್ತೆ ಪ್ರತಿ ವಿನೆಟ್ ಕೆಳಗಿನ ಸಬ್‌ನೆಟ್ಸ್. ಸಬ್‌ನೆಟ್‌ಗೆ ಎಲ್ಲವೂ ಒಟ್ಟಿಗೆ ಸಿಗುವ ಹಾದಿ ಇಲ್ಲ, ವಿನೆಟ್ ಒಂದೊಂದಕ್ಕೂ ಹೋಗಿ ಕೇಳಬೇಕು (/ಕ್ಲಸ್ಟರ್/ಎಸ್‌ಡಿಎನ್/ವಿನೆಟ್ಸ್/ಅಡಿಕೆ/ಸಬ್‌ನೆಟ್ಸ್ ಹೀಗೆ). ಪ್ರತಿಯೊಂದನ್ನೂ ಎರಡು ಸಲ ಕೇಳಿ. ಏನೂ ಸೇರಿಸದೇ ಕೇಳಿದರೆ ಬರೆದದ್ದು ಬರುತ್ತದೆ. ಕೊನೆಗೆ ರನ್ನಿಂಗ್=1 ಸೇರಿಸಿದರೆ ಅಪ್ಲೈ ಆದದ್ದು. ಪೆಂಡಿಂಗ್=1 ಅಂತ ಮೂರನೇ ರೀತಿಯೂ ಇದೆ. ಅದು ಎರಡನ್ನೂ ಬೆರೆಸಿ, ಬೇರೆ ಇದ್ದ ಸಾಲಿಗೆ ನ್ಯೂ, ಚೇಂಜ್ಡ್, ಡಿಲೀಟೆಡ್ ಅಂತ ಚೀಟಿ ಅಂಟಿಸಿ ಕೊಡುತ್ತದೆ. ಮನುಷ್ಯರು ಓದಲಿಕ್ಕೆ ಅದು ಚೆಂದ. ನಾನು ಎರಡನ್ನೂ ಬೇರೆ ಬೇರೆ ತಂದು ನಾನೇ ಹೋಲಿಸುತ್ತೇನೆ, ಯಾವುದು ಎಲ್ಲಿಂದ ಬಂತು ಅನ್ನುವ ಗೊಂದಲ ಇರುವುದಿಲ್ಲ.

ಆ ರಾತ್ರಿ ಈ ಟೂಲ್ ಇದ್ದಿದ್ದರೆ ನನಗೆ ಕಾಣುತ್ತಿದ್ದ ಸಾಲು ಇದು:

ಝೋನ್ ಕಾಳಿ | ಎಕ್ಸಿಟ್ ನೋಡ್ಸ್ | ಬರೆದದ್ದು: ಕೆಡಬ್ಲ್ಯೂ3 | ಅಪ್ಲೈ ಆದದ್ದು: ಕೆಡಬ್ಲ್ಯೂ1 | ಬೇರೆ!

ಒಂದೇ ಸಾಲು. ಇದನ್ನು ಓದಿದವನು ಅಪ್ಲೈ ಕಡೆ ಬೆರಳು ಒಯ್ಯುವುದಿಲ್ಲ, ಫೋನ್ ಎತ್ತಿ 'ಎಂತ ಮಾಡ್ತಿದ್ದೆ ಮಾರಾಯ?' ಅಂತ ಕೇಳುತ್ತಾನೆ.

ಬಂದ ಜೇಸನ್‌ನಲ್ಲಿ (ಪ್ರೋಗ್ರಾಮ್‌ಗಳು ಓದುವ ಟೆಕ್ಸ್ಟ್ ರೂಪ) ಕೆಲವು ಕಿರಿಕಿರಿಗಳಿವೆ. ಡೈಜೆಸ್ಟ್ ಎಂಬ ಉದ್ದದ ಸಂಖ್ಯೆಯನ್ನು ಎಸೆಯಿರಿ, ಅದು ಫೈಲಿನ ಬೆರಳಚ್ಚು, ಎಲ್ಲೋ ಒಂದು ಕಡೆ ಏನು ಬದಲಾದರೂ ಅದೂ ಬದಲಾಗಿ ಎಲ್ಲ ಸಾಲೂ ಬೇರೆ ಅಂತ ಕಾಣಿಸುತ್ತದೆ. ಸಬ್‌ನೆಟ್‌ನ ಗುರುತು 'ಕಾಳಿ-10.20.1.0-24' ಅಂತ ಇರುತ್ತದೆ, ಸ್ಲ್ಯಾಶ್ ಜಾಗದಲ್ಲಿ ಅಡ್ಡಗೆರೆ, ಯಾಕೆಂದರೆ ಈ ಗುರುತು ವೆಬ್ ಹಾದಿಯ ಒಳಗೇ ಬರಬೇಕು. ತೋರಿಸುವಾಗ ವಾಪಸ್ 10.20.1.0/24 ಮಾಡಿ. ಮತ್ತೆ ಎಲ್ಲವನ್ನೂ ಹೆಸರಿನ ಪ್ರಕಾರ ಸಾಲಾಗಿ ಜೋಡಿಸಿ, ಇಲ್ಲದಿದ್ದರೆ ನಿನ್ನೆಯ ಪಟ್ಟಿ ಇವತ್ತಿನ ಪಟ್ಟಿ ಹೋಲಿಸಲಾಗುವುದಿಲ್ಲ.

ಪಟ್ಟಿಯಲ್ಲಿ ಏನೇನು ತೋರಿಸಬೇಕು? ನನ್ನ ಆಯ್ಕೆ: ಝೋನ್, ಅದರ ಜಾತಿ, ಎಕ್ಸಿಟ್ ನೋಡ್, ವಿಆರ್‌ಎಫ್‌ನ (ಝೋನ್‌ಗೆಂದೇ ಇರುವ ಪ್ರತ್ಯೇಕ ರೂಟಿಂಗ್ ಟೇಬಲ್) ಟ್ಯಾಗ್, ವಿನೆಟ್, ಅದರ ಟ್ಯಾಗ್, ಸಬ್‌ನೆಟ್, ಗೇಟ್‌ವೇ, ಎಸ್‌ನ್ಯಾಟ್ (ಹೊರಗೆ ಹೋಗುವಾಗ ಒಳಗಿನ ಅಡ್ರೆಸ್ ಬದಲಿಸುವುದು) ಇದೆಯಾ ಇಲ್ಲವಾ. ಜೊತೆಗೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಮಷಿನ್‌ಗಳ ನಡುವೆ ಪ್ಯಾಕೆಟ್ಟುಗಳನ್ನು ಸುತ್ತಿ ಕಳಿಸುವ ವಿಎಕ್ಸ್‌ಲ್ಯಾನ್ ಪ್ರತಿ ಪ್ಯಾಕೆಟ್ಟಿಗೆ 50 ಬೈಟ್ ಹೊದಿಕೆ ಹಾಕುತ್ತದೆ, ಕೆಳಗಿನ ನೆಟ್‌ವರ್ಕ್ 1500 ಇದ್ದರೆ ಮೇಲಿನದು 1450 ಇರಬೇಕು. 'ಪಿಂಗ್ ಹೋಗ್ತದೆ, ಫೈಲ್ ಹೋಗೋದಿಲ್ಲ' ಅನ್ನುವ ದೂರು ಬಂದರೆ ಮೊದಲು ನೋಡುವ ಕಾಲಂ ಅದು.

ಹಂತ 4: ಪ್ರತಿ ಮಷಿನ್‌ನ ಒಳಗೆ ನಿಜವಾಗಿ ಏನಿದೆ

ಎಪಿಐನಲ್ಲಿ (ಪ್ರೋಗ್ರಾಮ್‌ಗಳು ಸರ್ವರ್ ಜೊತೆ ಮಾತಾಡುವ ಬಾಗಿಲು) /ನೋಡ್ಸ್/ಕೆಡಬ್ಲ್ಯೂ1/ಎಸ್‌ಡಿಎನ್/ಝೋನ್ಸ್ ಅಂತ ಕೇಳಿದರೆ ಆ ಮಷಿನ್‌ನಲ್ಲಿ ಝೋನ್ ಸ್ಥಿತಿ ಅವೈಲಬಲ್, ಪೆಂಡಿಂಗ್, ಎರರ್ ಅಂತ ಬರುತ್ತದೆ. ಇದನ್ನೂ ಪಟ್ಟಿಗೆ ಸೇರಿಸಿ, ಆದರೆ ಇದನ್ನೇ ನಂಬಿ ಕೂರಬೇಡಿ. ಇಂಟರ್‌ಫೇಸ್‌ಗಳು ಎದ್ದು ನಿಂತಿವೆ ಅನ್ನುವುದನ್ನು ಅದು ಹೇಳೀತು, ದಾರಿ ಸರಿ ಇದೆ ಅನ್ನುವುದನ್ನಲ್ಲ.

ಅದಕ್ಕೆ ಮಷಿನ್ ಒಳಗೇ ಹೋಗಬೇಕು, ಎಸ್‌ಎಸ್‌ಎಚ್ ಬೇಕು. ಎಸ್‌ಎಸ್‌ಎಚ್ ಕೊಟ್ಟ ಕೂಡಲೇ ನೋಡುವುದಕ್ಕೆ ಮಾತ್ರ ಅನ್ನುವ ಶಪಥ ಮುರಿದ ಹಾಗೆ ಅಲ್ವಾ? ಮುರಿಯದ ಹಾಗೆ ಮಾಡಬಹುದು. ಪ್ರತಿ ಮಷಿನ್‌ನಲ್ಲಿ ನೋಡು ಅಂತ ಸಾಮಾನ್ಯ ಯೂಸರ್ ಮಾಡಿ. ಅವನ ಆಥರೈಸ್ಡ್-ಕೀಸ್ ಫೈಲಿನಲ್ಲಿ ಕೀಲಿಯ ಮುಂದೆ ಇದನ್ನು ಹಾಕಿ:

ರಿಸ್ಟ್ರಿಕ್ಟ್,ಕಮಾಂಡ್="/ಯುಎಸ್‌ಆರ್/ಲೋಕಲ್/ಬಿನ್/ದಾರಿ"

ಈಗ ಈ ಕೀಲಿಯಿಂದ ಬಂದವರು ಏನೇ ಹೊಡೆದರೂ ಓಡುವುದು ದಾರಿ ಎಂಬ ಆ ಒಂದು ಸ್ಕ್ರಿಪ್ಟ್ ಮಾತ್ರ. ಶೆಲ್ ಇಲ್ಲ, ಪೋರ್ಟ್ ಫಾರ್ವರ್ಡ್ ಇಲ್ಲ. ಸ್ಕ್ರಿಪ್ಟ್‌ನ ಮಾಲೀಕ ರೂಟ್ ಆಗಿರಲಿ, ನೋಡು ಅದನ್ನು ತಿದ್ದುವ ಹಾಗಿರಬಾರದು. ಅದರೊಳಗೆ ಮೂರೇ ಸಾಲು:

ಐಪಿ -ಜೆ ರೂಟ್ ಶೋ ವಿಆರ್‌ಎಫ್ ವಿಆರ್‌ಎಫ್_ಕಾಳಿ
ಸುಡೋ ವಿಟಿವೈಶ್ -ಸಿ 'ಶೋ ಐಪಿ ರೂಟ್ ವಿಆರ್‌ಎಫ್ ಆಲ್ ಜೇಸನ್'
ಸುಡೋ ವಿಟಿವೈಶ್ -ಸಿ 'ಶೋ ಬಿಜಿಪಿ ಎಲ್2ವಿಪಿಎನ್ ಇವಿಪಿಎನ್ ಸಮರಿ ಜೇಸನ್'

ಮೊದಲನೇದಕ್ಕೆ ರೂಟ್ ಅಧಿಕಾರ ಬೇಡ, ಕರ್ನಲ್‌ನ ಟೇಬಲನ್ನು ಯಾರೂ ಓದಬಹುದು. ಉಳಿದ ಎರಡು ಎಫ್‌ಆರ್‌ಆರ್‌ನ ಕಮಾಂಡ್ ಟೂಲ್ ವಿಟಿವೈಶ್ ಮೂಲಕ ಹೋಗುತ್ತವೆ, ಅವಕ್ಕೆ ಬೇಕು. ಸುಡೋ ಪ್ರಾಕ್ಸ್‌ಮಾಕ್ಸ್ ಜೊತೆ ತಾನಾಗಿ ಬರುವುದಿಲ್ಲ, ಎಪಿಟಿಯಲ್ಲಿ ಹಾಕಿಕೊಳ್ಳಿ. ಸುಡೋಯರ್ಸ್ ಫೈಲಿನಲ್ಲಿ ಬರೀ ವಿಟಿವೈಶ್ ಅಂತ ಬಿಡಬೇಡಿ, ದೇವರಾಣೆ. ವಿಟಿವೈಶ್ ಒಳಗೆ ಹೋದವನು ಇಡೀ ರೂಟಿಂಗ್ ಬದಲಿಸಬಹುದು. ಪೂರ್ತಿ ಕಮಾಂಡನ್ನು, ಶೋ ಇಂದ ಜೇಸನ್‌ವರೆಗೆ, ಅಕ್ಷರ ಅಕ್ಷರ ಬರೆಯಿರಿ. ಆಗ ಅದಷ್ಟೇ ನಡೆಯುತ್ತದೆ. ಪಟ್ಟಿ ಪೂರ್ತಿ ಇರಲಿ ಅಂತ 'ಶೋ ರನ್ನಿಂಗ್-ಕಾನ್ಫಿಗ್' ಕೂಡ ಸೇರಿಸುವ ಆಸೆ ಬರುತ್ತದೆ. ಬೇಡ, ಬಿಜಿಪಿ ಪಾಸ್‌ವರ್ಡ್ ಇಟ್ಟಿದ್ದರೆ ಅದು ಅಲ್ಲಿ ಕಣ್ಣಿಗೆ ಬೀಳುತ್ತದೆ.

ನಿಮ್ಮ ಝೋನ್ ಸಿಂಪಲ್ ಅಥವಾ ವಿಲ್ಯಾನ್ ಜಾತಿಯದಾದರೆ ಎಫ್‌ಆರ್‌ಆರ್ ತಲೆನೋವೇ ಇಲ್ಲ, ಐಪಿ ರೂಟ್ ಒಂದೇ ಸಾಕು.

ಹಂತ 5: ಬಂದದ್ದನ್ನು ಓದುವುದು

ಜೇಸನ್ ಬಿಟ್ಟು ಸಾದಾ ರೂಪದಲ್ಲಿ ಒಮ್ಮೆ ನೋಡಿ, ಕಣ್ಣಿಗೆ ಅಭ್ಯಾಸ ಆಗಲಿ. ಪ್ರತಿ ಸಾಲಿನ ಮೊದಲ ಅಕ್ಷರ ದಾರಿ ಎಲ್ಲಿಂದ ಬಂತು ಅಂತ ಹೇಳುತ್ತದೆ. ಸಿ ಅಂದರೆ ನೇರ ಜೋಡಣೆ, ಎಸ್ ಅಂದರೆ ಸ್ಟ್ಯಾಟಿಕ್, ಬಿ ಅಂದರೆ ಬಿಜಿಪಿ, ಕೆ ಅಂದರೆ ಕರ್ನಲ್. ಮುಂದಿನ > ಚಿಹ್ನೆ ಅಂದರೆ ಆರಿಸಿದ ದಾರಿ, * ಅಂದರೆ ಕರ್ನಲ್‌ಗೆ ಇಳಿದ ದಾರಿ. ಬಿ ಇದೆ, ಆದರೆ > ಇಲ್ಲ ಅಂದರೆ ಬಿಜಿಪಿ ಹೇಳಿತು, ಯಾರೂ ಕೇಳಲಿಲ್ಲ ಅಂತ.

ಮೊದಲ ಸಲ ನೋಡಿದವರೆಲ್ಲ ಹೆದರುವ ಸಾಲು ಒಂದಿದೆ. ಐಪಿ ರೂಟ್‌ನಲ್ಲಿ ಅದು 'ಅನ್‌ರೀಚಬಲ್ ಡಿಫಾಲ್ಟ್ ಮೆಟ್ರಿಕ್ 4278198272' ಅಂತ ಕಾಣುತ್ತದೆ, ಎಫ್‌ಆರ್‌ಆರ್‌ನಲ್ಲಿ 'ಕೆ>* 0.0.0.0/0 [255/8192] ಅನ್‌ರೀಚಬಲ್' ಅಂತ. ಎರಡೂ ಒಂದೇ ಸಾಲು. ಆ ದೈತ್ಯ ಸಂಖ್ಯೆಯ ಮೇಲಿನ ಎಂಟು ಬಿಟ್ 255, ಉಳಿದದ್ದು 8192, ಎಫ್‌ಆರ್‌ಆರ್ ಅದನ್ನೇ ಒಡೆದು ತೋರಿಸುತ್ತದೆ. ಇದು ದೋಷ ಅಲ್ಲ. ವಿಆರ್‌ಎಫ್‌ನಲ್ಲಿ ಬೇರೆ ದಾರಿ ಸಿಗದ ಪ್ಯಾಕೆಟ್ಟು ಅಡ್ಡಾದಿಡ್ಡಿ ಹೋಗಿ ಮುಖ್ಯ ಟೇಬಲಿಗೆ ಬೀಳದಿರಲಿ ಅಂತ ಹಾಕಿದ ಅಡ್ಡಗಟ್ಟೆ. ನಿಜವಾದ ಡಿಫಾಲ್ಟ್ ಇನ್ನೊಂದು ಮಷಿನ್‌ನಿಂದ ಬಿಜಿಪಿಯಲ್ಲಿ [200/0] ಅಂತ ಬಂದರೆ, 200 ಚಿಕ್ಕದಾದ್ದರಿಂದ ಅದೇ ಗೆಲ್ಲುತ್ತದೆ.

ಹಾಗಾಗಿ ನನ್ನ ಟೂಲ್ ಅಡ್ಡಗಟ್ಟೆಯನ್ನು ಮುಚ್ಚಿಡುವುದಿಲ್ಲ. ಎಕ್ಸಿಟ್ ನೋಡ್ ಅಲ್ಲದ ಮಷಿನ್‌ನಲ್ಲಿ ಗೆದ್ದದ್ದು ಅಡ್ಡಗಟ್ಟೆಯೇ ಆಗಿದ್ದರೆ 'ಹೊರಗೆ ದಾರಿ ಇಲ್ಲ' ಅಂತ ಬರೆಯುತ್ತದೆ. ಎಕ್ಸಿಟ್ ನೋಡ್ ಮಲಗಿದಾಗ ಫೈಲುಗಳೆಲ್ಲ ಸರಿಯಾಗೇ ಇರುತ್ತವೆ. ಗೊತ್ತಾಗುವುದು ಈ ಒಂದು ಸಾಲಿನಿಂದ.

ಇನ್ನೊಂದು, ಬಿಜಿಪಿ ಸಮರಿಯಲ್ಲಿ 'ಆ್ಯಕ್ಟಿವ್' ಅಂತ ಕಂಡರೆ ಖುಷಿ ಪಡಬೇಡಿ. ಹೆಸರು ಮೋಸದ್ದು. ಪಕ್ಕದವನನ್ನು ಕರೆಯುತ್ತಲೇ ಇದ್ದೇನೆ, ಅವನು ಸಿಕ್ಕಿಲ್ಲ ಅಂತ ಅದರ ಅರ್ಥ. ಸರಿ ಇದ್ದರೆ ಎಸ್ಟಾಬ್ಲಿಶ್ಡ್ ಅಂತ ಇರುತ್ತದೆ. ಬಿಜಿಪಿಯ 179ನೇ ಪೋರ್ಟನ್ನು ಫೈರ್‌ವಾಲ್ ಮುಚ್ಚಿದೆಯಾ ನೋಡಿ.

ಒಂದೇ ಅಡ್ರೆಸ್‌ನ ದಾರಿ ಬೇಕಿದ್ದರೆ ಪಟ್ಟಿಯೆಲ್ಲ ಹುಡುಕಬೇಡಿ. ಮಷಿನ್‌ನಲ್ಲಿ ಐಪಿ ರೂಟ್ ಗೆಟ್ 10.20.2.15 ವಿಆರ್‌ಎಫ್ ವಿಆರ್‌ಎಫ್_ಕಾಳಿ ಅಂತ ಕೇಳಿದರೆ ಕರ್ನಲ್ ತಾನು ಯಾವ ದಾರಿ ಹಿಡಿಯುತ್ತೇನೆ ಅಂತ ನೇರ ಹೇಳುತ್ತದೆ. ಪ್ಯಾಕೆಟ್ ಕಳಿಸುವುದಿಲ್ಲ, ಬರೀ ಲೆಕ್ಕ ಹಾಕುತ್ತದೆ.

ಹಂತ 6: ಉತ್ತರ ಬಾರದ ಮಷಿನ್

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು, ಲೈನು ಎರಡಕ್ಕೂ ಭರವಸೆ ಇಲ್ಲ. ಕಾರವಾರದ ಉಪ್ಪು ಗಾಳಿಗೆ ನೆಟ್‌ವರ್ಕ್ ಪೋರ್ಟಿನ ಪಿನ್ನುಗಳು ಹಸಿರು ಹಿಡಿಯುವುದು ಬೇರೆ. ಟೂಲ್ ಓಡಿಸುವಾಗ ಒಂದು ಮಷಿನ್ ಉತ್ತರ ಕೊಡದೇ ಹೋಗುವುದು ಅಪರೂಪ ಏನಲ್ಲ. ಪ್ರತಿ ಕರೆಗೂ ಐದು ಸೆಕೆಂಡಿನ ಟೈಮ್‌ಔಟ್ ಇಡಿ. ಉತ್ತರ ಬಾರದಿದ್ದರೆ ಆ ಕಾಲಂ ಖಾಲಿ ಬಿಡಬೇಡಿ, 'ಉತ್ತರ ಇಲ್ಲ' ಅಂತ ಬರೆಯಿರಿ, ಟೂಲ್ ಸೊನ್ನೆಯಲ್ಲದ ಕೋಡ್‌ನೊಂದಿಗೆ ಮುಗಿಯಲಿ. ದಾರಿ ಇಲ್ಲದಿರುವುದು ಬೇರೆ, ಕೇಳಿದವನಿಗೆ ಉತ್ತರ ಸಿಗದಿರುವುದು ಬೇರೆ, ನೋಡುವ ಅಧಿಕಾರ ಇಲ್ಲದಿರುವುದು ಬೇರೆ. ಮೂರೂ ಪರದೆಯ ಮೇಲೆ ಖಾಲಿ ಜಾಗವಾಗಿಯೇ ಕಂಡರೆ ಆ ಪಟ್ಟಿ ಹಿಡಿದು ರಾತ್ರಿ ಎರಡು ಗಂಟೆಗೆ ಏನು ಮಾಡುತ್ತೀರಿ?

ಒಂದು ಸಮಾಧಾನ. ಮೂರರಲ್ಲಿ ಎರಡು ಮಷಿನ್ ಮಲಗಿ ಕ್ಲಸ್ಟರಿನ ಕೋರಂ (ಬೇಕಾದ ಬಹುಮತ) ಹೋದರೂ /ಇಟಿಸಿ/ಪಿವಿಇ ಫೋಲ್ಡರ್ ಓದಲಿಕ್ಕೆ ಸಿಗುತ್ತದೆ, ಬರೆಯಲಿಕ್ಕೆ ಮಾತ್ರ ಬಿಡುವುದಿಲ್ಲ. ನಮಗೆ ಬೇಕಾದ್ದೂ ಅಷ್ಟೇ.

ಹಂತ 7: ಟೂಲ್ ನಿಜ ಹೇಳುತ್ತಿದೆಯಾ

ಏಲಕ್ಕಿ ಇರುವುದೇ ಇದಕ್ಕೆ. ಹಗಲು ಹೊತ್ತಿನಲ್ಲಿ, ಜೊತೆಯವರಿಗೆ ಹೇಳಿ, ಏಲಕ್ಕಿ ವಿನೆಟ್‌ಗೆ 10.20.4.0/24 ಅಂತ ಹೊಸ ಸಬ್‌ನೆಟ್, ಗೇಟ್‌ವೇ ಸಹಿತ, ಬರೆಯಿರಿ. ಅಪ್ಲೈ ಮಾಡಬೇಡಿ. ಟೂಲ್ ಓಡಿಸಿ. 'ಬರೆದದ್ದು' ಕಾಲಂನಲ್ಲಿ ಬರಬೇಕು, ಉಳಿದ ಎರಡರಲ್ಲಿ ಬರಬಾರದು. ಅಪ್ಲೈ ಮಾಡಿ ಮತ್ತೆ ಓಡಿಸಿ, ಮೂರರಲ್ಲೂ ಬರಬೇಕು. ಈಗ ಕೆಡಬ್ಲ್ಯೂ2ರಲ್ಲಿ ಎಫ್‌ಆರ್‌ಆರ್ ಸರ್ವಿಸ್ ಒಂದು ನಿಮಿಷ ನಿಲ್ಲಿಸಿ (ಅದರ ಮೇಲಿನ ವಿಎಂಗಳನ್ನು ಮೊದಲು ಬೇರೆ ಕಡೆ ಕಳಿಸಿ). ಆ ಮಷಿನ್‌ನ ಬಿಜಿಪಿ ಸಾಲುಗಳು ಹೋಗಿ, ಬರೆದದ್ದು ಮತ್ತು ಅಪ್ಲೈ ಆದದ್ದು ಮಾತ್ರ ಹಾಗೇ ಉಳಿಯಬೇಕು. ನನ್ನ ಮೊದಲ ಪ್ರತಿ ಇಲ್ಲಿ ಸೋತಿತು. ಎಫ್‌ಆರ್‌ಆರ್ ಉತ್ತರ ಕೊಡದಿದ್ದಾಗ ಹಳೇ ಉತ್ತರವನ್ನೇ ಮತ್ತೆ ತೋರಿಸುತ್ತಿತ್ತು, ವೇಗ ಬರಲಿ ಅಂತ ನಾನೇ ಹಾಕಿದ ಕ್ಯಾಶ್‌ನ ಕೃಪೆ. ಕಿತ್ತು ಹಾಕಿದೆ.

ಬೇರೆ ಎಸ್‌ಡಿಎನ್ ಇದ್ದವರಿಗೆ

ಲೆಕ್ಕಾಚಾರ ಅದೇ, ಹೆಸರು ಬೇರೆ. ಓವಿಎನ್ ಇದ್ದರೆ ಬರೆದದ್ದು ನಾರ್ತ್‌ಬೌಂಡ್ ಡೇಟಾಬೇಸ್‌ನಲ್ಲಿ, ಓವಿಎನ್-ಎನ್‌ಬಿಸಿಟಿಎಲ್‌ನ ಎಲ್ಆರ್-ಲಿಸ್ಟ್ ಮತ್ತು ಎಲ್ಆರ್-ರೂಟ್-ಲಿಸ್ಟ್‌ನಿಂದ ಸಿಗುತ್ತದೆ. ಅದರಿಂದ ಹುಟ್ಟಿದ ಲಾಜಿಕಲ್ ಫ್ಲೋಗಳು ಸೌತ್‌ಬೌಂಡ್‌ನಲ್ಲಿ, ಓವಿಎನ್-ಎಸ್‌ಬಿಸಿಟಿಎಲ್ ಎಲ್‌ಫ್ಲೋ-ಲಿಸ್ಟ್. ನಿಜವಾಗಿ ಸ್ವಿಚ್‌ನಲ್ಲಿ ಕೂತದ್ದು ಓವಿಎಸ್-ಒಎಫ್‌ಸಿಟಿಎಲ್ ಡಂಪ್-ಫ್ಲೋಸ್‌ನಲ್ಲಿ. ಓವಿಎನ್-ಎನ್‌ಬಿಸಿಟಿಎಲ್‌ಗೆ ಡ್ರೈ-ರನ್ ಆಪ್ಷನ್ ಇದೆ, ಡೇಟಾಬೇಸ್ ಬದಲಿಸದ ಹಾಗೆ ತಡೆಯುತ್ತದೆ. ಆದರೆ ಹಾಕುವುದನ್ನು ನೀವು ಮರೆತರೆ ಅದೂ ಇಲ್ಲ, ಹಾಗಾಗಿ ಅದನ್ನು ಬೀಗ ಅಂತ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಓಪನ್‌ಸ್ಟ್ಯಾಕ್‌ನವರಿಗೆ ರೀಡರ್ ಎಂಬ ರೋಲ್ ಇದೆ, ಅಲ್ಲಿಂದ ಶುರು ಮಾಡಿ.

ಹಂತ 8: ದಿನಾ ಒಂದು ಪ್ರತಿ

ಟೂಲ್‌ನ ಉತ್ತರವನ್ನು ಸಾದಾ ಟೆಕ್ಸ್ಟ್ ಆಗಿ ಒಂದು ಗಿಟ್ ಫೋಲ್ಡರ್‌ಗೆ ಬರೆದು, ಬದಲಾಗಿದ್ದರೆ ಮಾತ್ರ ಕಮಿಟ್ ಮಾಡಿಸಿ. ಕ್ರಾನ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ, ಸಂಜೆ ಆರಕ್ಕೆ. ಸಂಜೆಯದು ಮುಖ್ಯ, ಅರ್ಧ ಬಿಟ್ಟ ಕೆಲಸ ಸಿಗುವುದು ಆಗಲೇ. ಕರ್ನಲ್‌ನ ಕಾಲಂ ಮತ್ತು ಫೈಲುಗಳ ಕಾಲಂ ಬೇರೆ ಬೇರೆ ಫೈಲಿಗೆ ಹೋಗಲಿ, ಯಾಕೆಂದರೆ ಮೊದಲನೇದು ಮಳೆ ಬಂದಾಗಲೆಲ್ಲ ಬದಲಾಗುತ್ತದೆ, ಎರಡನೇದು ಯಾರಾದರೂ ಕೈ ಹಾಕಿದಾಗ ಮಾತ್ರ. ಪಟ್ಟಿಯಲ್ಲಿ ಪಾಸ್‌ವರ್ಡ್ ಇಲ್ಲ ನಿಜ, ಆದರೂ ಇಡೀ ಆಫೀಸಿನ ನಕ್ಷೆ ಇದೆ, ಹಾಗಾಗಿ ಗಿಟ್ ಒಳಗಿನ ಸರ್ವರ್‌ನಲ್ಲೇ ಇರಲಿ.

ನಮ್ಮಲ್ಲಿ ಸಂಜೆಯ ಓಟದಲ್ಲಿ 'ಬೇರೆ!' ಸಾಲು ಸಿಕ್ಕರೆ ಇಬ್ಬರ ಮೊಬೈಲಿಗೂ ಮೆಸೇಜ್ ಹೋಗುತ್ತದೆ. ಹೋದ ವಾರ ಬಂದ ಮೆಸೇಜಿಗೆ ಆ ಹುಡುಗನ ಉತ್ತರ: 'ಗೊತ್ತುಂಟು ಸರ್, ನಾಳೆ ಕೇಬಲ್ ಹಾಕ್ತೆ, ನೀವು ಮಾತ್ರ ಎಂತದೂ ಒತ್ತಬೇಡಿ.'